ಹಾಲು, ಮೊಟ್ಟೆ ಬಿಡಿಸಿದ ಮೇಲೆ

ಕೋಲಾರ ಸೀಮೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಅವರ ತಟ್ಟೆಯಿಂದ ಮೊದಲು ಹೋಗುವುದು ಮೊಟ್ಟೆ, ಅದರ ಹಿಂದೆಯೇ ಹಾಲು, ಮೊಸರು. ಆಪರೇಷನ್ ಮಾಡಿಸಿಕೊಂಡು ಹೊಲಿಗೆ ಬಿಚ್ಚದೆ ಮನೆಗೆ ಬಂದವರಿಗೆ ‘ಮೊಟ್ಟೆ ನಂಜು, ಕೀವಾಗುತ್ತೆ’ ಅನ್ನುತ್ತಾರೆ. ಕೆಮ್ಮುವವರಿಗೆ ‘ಮೊಸರು ಶೀತ, ಕಫ ಕಟ್ಟುತ್ತೆ’ ಅನ್ನುತ್ತಾರೆ. ಕಾಮಾಲೆ ಬಂದರಂತೂ ಉಪ್ಪು, ಎಣ್ಣೆಯನ್ನೂ ಬಿಡಿಸುತ್ತಾರೆ. ಇದು ಅಜ್ಜಿಯರ ಕಾಲದ ಪಥ್ಯ. ಈಗ ಇದಕ್ಕೆ ಮೊಬೈಲಿನ ವಿಡಿಯೊಗಳೂ ಜೊತೆಯಾಗಿವೆ. ಕೀಲುನೋವು, ಸೋರಿಯಾಸಿಸ್, ಥೈರಾಯ್ಡ್, ಗ್ಯಾಸ್ಟ್ರಿಕ್ ಎಲ್ಲಕ್ಕೂ ಕಾರಣ ಉರಿಯೂತ, ಆದ್ದರಿಂದ ಹಾಲು ಮೊಟ್ಟೆ ನಿಲ್ಲಿಸಿ ಎಂದು ಅವು ಹೇಳುತ್ತವೆ. ಅಜ್ಜಿಯ ನಂಜು ಮತ್ತು ವಿಡಿಯೊದ ಉರಿಯೂತ ಒಂದೇ ಕಡೆ ಬಂದು ಸೇರಿರುವುದರಿಂದ ಮನೆಯಲ್ಲಿ ಅದನ್ನು ಪ್ರಶ್ನಿಸುವವರೇ ಇಲ್ಲ.

ಬಿಡಿಸುವುದನ್ನು ನಾನು ತಪ್ಪು ಎನ್ನುವುದಿಲ್ಲ. ದಕ್ಷಿಣ ಭಾರತದ ದೊಡ್ಡವರಲ್ಲಿ ಹಾಲಿನ ಸಕ್ಕರೆ ಸರಿಯಾಗಿ ಅರಗದವರು ಬಹಳ. ಮೊಟ್ಟೆಯ ಅಲರ್ಜಿ ಇರುವ ಮಕ್ಕಳೂ ಇದ್ದಾರೆ. ಹಾಲು ಬಿಟ್ಟ ಮೇಲೆ ಹೊಟ್ಟೆಯುಬ್ಬರ ನಿಂತಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ನನ್ನ ತಕರಾರು ಇರುವುದು ಆಮೇಲಿನ ಹೆಜ್ಜೆಯ ಬಗ್ಗೆ. ತೆಗೆದ ಜಾಗಕ್ಕೆ ಏನು ಬಂತು ಎಂದು ನಮ್ಮ ಪಥ್ಯಗಳು ಕೇಳಿಕೊಳ್ಳುವುದೇ ಇಲ್ಲ. ಬಂಗಾರಪೇಟೆಯ ಪಾನಿಪುರಿಯಲ್ಲಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ತಿಳಿನೀರಿನಂತೆ ಕಾಣುವ ಆ ಖಾರದ ಪಾನಿ ಬೇಡದ ಪದಾರ್ಥಗಳ ಪಟ್ಟಿಯನ್ನು ನಿರಾಯಾಸವಾಗಿ ದಾಟುತ್ತದೆ. ಸಂಜೆ ಸ್ಟೇಷನ್ನಿನಿಂದ ಇಳಿದು ಬರುವಾಗ ಅದನ್ನು ತಿನ್ನುವ ಸುಖಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅದರಿಂದ ಯಾರ ಗಾಯವೂ ಮಾಯುವುದಿಲ್ಲ. ಏನಿಲ್ಲ ಎಂಬುದೊಂದನ್ನೇ ನೋಡಿ ಊಟವನ್ನು ಪಥ್ಯ ಎಂದು ಒಪ್ಪಿಕೊಂಡರೆ ಇಂಥ ಎಡವಟ್ಟಾಗುತ್ತದೆ.

ಹಾಗೆ ನೋಡಿದರೆ ಇಲ್ಲಿನ ತಿಂಡಿಗಳಲ್ಲಿ ಹೆಚ್ಚಿನವು ಹಾಲು ಮೊಟ್ಟೆ ಇಲ್ಲದವೇ. ಇಡ್ಲಿ, ದೋಸೆ, ಚಿತ್ರಾನ್ನ, ಉಪ್ಪಿಟ್ಟು, ಅಕ್ಕಿ ರೊಟ್ಟಿ ಯಾವುದಕ್ಕೂ ಅವು ಬೇಕಿಲ್ಲ. ಹಾಲು ಬರುವುದು ಕಾಫಿಯಲ್ಲಿ, ಅಂಬಲಿಗೆ ಬೆರೆಸುವ ಮಜ್ಜಿಗೆಯಲ್ಲಿ, ಹುರಿಹಿಟ್ಟು ಕಲಸುವಾಗ. ಹೊಸ ಪಥ್ಯಗಳು ಅಷ್ಟಕ್ಕೆ ನಿಲ್ಲದೆ ಅಕ್ಕಿ, ಗೋಧಿ, ಸಕ್ಕರೆಯನ್ನೂ ತೆಗೆಯುತ್ತವೆ. ಆಗ ಬೆಳಗಿಗೆ ಉಳಿಯುವುದು ಒಂದು ಲೋಟ ಅಂಬಲಿ.

ಈ ಹೊಸ ಪಥ್ಯಗಳ ಪೈಕಿ ಮನೆಮಾತಾಗಿರುವುದು ಡಾ. ಖಾದರ್ ವಲಿ ಅವರ ಸಿರಿಧಾನ್ಯದ ಕ್ರಮ. ಮೈಸೂರಿನಲ್ಲಿ ನೆಲೆಸಿರುವ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಈ ಐದನ್ನು ಸರದಿಯಲ್ಲಿ ಉಣ್ಣಬೇಕು. ಧಾನ್ಯವನ್ನು ಗಂಟೆಗಟ್ಟಲೆ ನೆನೆಸಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಬಟ್ಟೆ ಕಟ್ಟಿ ಹುಳಿಬರಲು ಬಿಟ್ಟು, ಆ ಅಂಬಲಿಯನ್ನು ಕುಡಿಯಬೇಕು. ಹಾಲು, ಮೊಟ್ಟೆ, ಸಕ್ಕರೆ, ಕಾಫಿ ಕೂಡದು. ಈ ಕ್ರಮದಿಂದ ಆಗಿರುವ ಒಳ್ಳೆಯದನ್ನು ಮೊದಲು ಹೇಳಬೇಕು. ಬೆಳಗ್ಗೆ ಎದ್ದ ಕೂಡಲೇ ಸಿಹಿ ಚಹಾದಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದ ಎಷ್ಟೋ ಮನೆಗಳನ್ನು ಅದು ಆ ಚಟದಿಂದ ಬಿಡಿಸಿದೆ. ಸಾಮೆ, ನವಣೆ ಈ ಸೀಮೆಯ ಹೊಲಗಳಲ್ಲಿ ಹಿಂದೆ ಬೆಳೆಯುತ್ತಿದ್ದವು. ಮರೆತೇಹೋಗಿದ್ದ ಅವುಗಳ ರುಚಿ ಮತ್ತೆ ನಾಲಿಗೆಗೆ ಹತ್ತಿದೆ.

ಆದರೆ ಈ ಧಾನ್ಯ ನರಕ್ಕೆ, ಆ ಧಾನ್ಯ ಯಕೃತ್ತಿಗೆ, ಇನ್ನೊಂದು ರಕ್ತಕ್ಕೆ ಎಂದು ಒಂದೊಂದು ಅಂಗಕ್ಕೆ ಒಂದೊಂದು ಕಾಳನ್ನು ಹಂಚಿಕೊಡುವುದನ್ನು ನಾನು ಒಪ್ಪುವುದಿಲ್ಲ. ರೋಗಿಗಳ ಮೇಲೆ ಹೋಲಿಸಿ ನೋಡಿದ ಪುರಾವೆ ಅದಕ್ಕಿಲ್ಲ. ಕ್ಯಾನ್ಸರಿಗೂ ಕಿಡ್ನಿಗೂ ಅಂಬಲಿಯೇ ಔಷಧ ಎಂದು ನಂಬಿ ಮಾತ್ರೆ ನಿಲ್ಲಿಸುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಇನ್ನೊಂದು ಸಂಗತಿ ಕೋಲಾರದವನಾದ ನನಗೆ ಹೆಚ್ಚು ನೋಯುತ್ತದೆ. ಈ ಕ್ರಮದಲ್ಲಿ ರಾಗಿಗೆ ಸಿರಿಧಾನ್ಯದ ಸ್ಥಾನವಿಲ್ಲ, ಅದು ‘ತಟಸ್ಥ ಧಾನ್ಯ’. ರೇಷನ್ ಅಂಗಡಿಯಲ್ಲಿ ಸಿಗುವ, ಹೊಲದಲ್ಲಿ ಬೆಳೆಯುವ ರಾಗಿಯನ್ನು ಎರಡನೇ ಸಾಲಿಗೆ ತಳ್ಳಿ, ಅದರ ಹಲವು ಪಟ್ಟು ಬೆಲೆ ತೆತ್ತು ಕೊರಲೆ ತರಬೇಕೆಂದರೆ, ಕೂಲಿ ಕುಟುಂಬದ ಮಟ್ಟಿಗೆ ಆ ಪಥ್ಯ ಇದ್ದೂ ಇಲ್ಲದಂತೆ.

ರಾಗಿಯನ್ನು ಹೊಗಳುವವರೂ ಸ್ವಲ್ಪ ಲೆಕ್ಕ ಹಾಕಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಹಾಲಿನ ಮೂರರಷ್ಟು ಎಂದು ಎಲ್ಲರೂ ಬರೆಯುವುದು ಈ ಲೆಕ್ಕದಿಂದಲೇ. ಆದರೆ ಒಂದು ಲೋಟ ಅಂಬಲಿಗೆ ನೂರು ಗ್ರಾಂ ಹಿಟ್ಟು ಯಾರು ಹಾಕುತ್ತಾರೆ? ಹಾಕಿದರೆ ಅದು ಮುದ್ದೆಯಾಗುತ್ತದೆ. ಲೋಟಕ್ಕೆ ಹೋಗುವುದು ಮೂರು ಚಮಚ, ಬಹಳವೆಂದರೆ ಇಪ್ಪತ್ತೈದು ಗ್ರಾಂ. ಅದರಲ್ಲಿ ಬರುವ ಕ್ಯಾಲ್ಸಿಯಂ 90 ಮಿಲಿಗ್ರಾಂ, ಪ್ರೋಟೀನ್ ಎರಡು ಗ್ರಾಂಗಿಂತ ಕಡಿಮೆ. ಬಿಟ್ಟ ಒಂದು ಲೋಟ ಹಾಲಿನಲ್ಲಿ ಆರು ಗ್ರಾಂಗೂ ಮೇಲೆ ಪ್ರೋಟೀನ್ ಇತ್ತು, ಬಿಟ್ಟ ಮೊಟ್ಟೆಯಲ್ಲಿ ಇನ್ನೊಂದು ಆರು ಗ್ರಾಂ. ಹನ್ನೆರಡನ್ನು ತೆಗೆದು ಎರಡನ್ನು ಇಟ್ಟ ಹಾಗಾಯಿತು. ಪಥ್ಯ ಹಿಡಿದ ಮೇಲೆ ಮೈ ಹಗುರವಾಯಿತು ಎನ್ನುವವರಲ್ಲಿ ಕೆಲವರಿಗೆ ನಿಜಕ್ಕೂ ಆಗುತ್ತಿರುವುದು ಮಾಂಸಖಂಡ ಕರಗುವುದು. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು: ನುಣ್ಣಗೆ ಬೀಸಿದ ಹಿಟ್ಟನ್ನು ತೆಳ್ಳಗೆ ಕುದಿಸಿ ಗಟಗಟ ಕುಡಿದರೆ ರಕ್ತದ ಸಕ್ಕರೆ ಬೇಗನೆ ಏರುತ್ತದೆ. ರಾಗಿ ಎಂಬ ಹೆಸರಿನಿಂದ ಅದು ತಗ್ಗುವುದಿಲ್ಲ.

ಹಾಗಾದರೆ ತಾತ ಮುತ್ತಾತಂದಿರು ರಾಗಿ ಉಂಡೇ ಗಟ್ಟಿಯಾಗಿರಲಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಹೊಲದಲ್ಲಿದೆ. ಈ ಕೆಂಪು ನೆಲದಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ರಾಗಿ ಸಾಲುಗಳ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಹಾಕುತ್ತಿದ್ದರು. ಮಳೆ ಕೈಕೊಟ್ಟರೆ ಒಂದಲ್ಲ ಒಂದು ಉಳಿಯಲಿ ಎಂಬ ಎಚ್ಚರಿಕೆ ಅದರಲ್ಲಿತ್ತು. ತಟ್ಟೆಯ ಮಟ್ಟಿಗೆ ಅದರಿಂದ ಇನ್ನೊಂದು ಉಪಕಾರವಾಯಿತು. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಮೆಥಿಯೋನಿನ್ ಚೆನ್ನಾಗಿದೆ. ಅವರೆ, ಹುರುಳಿ, ತೊಗರಿಯಲ್ಲಿ ಲೈಸಿನ್ ತುಂಬಿದೆ, ಮೆಥಿಯೋನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹುಚ್ಚೆಳ್ಳು ಎಣ್ಣೆಯಂಶ ಕೊಡುತ್ತದೆ. ನೂರು ಗ್ರಾಂ ಹಿಟ್ಟಿನ ಮುದ್ದೆಗೆ ಮೂವತ್ತು ಗ್ರಾಂ ಹುರುಳಿ ಬೇಯಿಸಿದ ಸಾರು ಬಿಟ್ಟುಕೊಂಡರೆ ಪ್ರೋಟೀನ್ ಹದಿಮೂರು ಗ್ರಾಂ ದಾಟುತ್ತದೆ. ಬಿಟ್ಟ ಹಾಲು, ಮೊಟ್ಟೆಯ ಲೆಕ್ಕ ಅಲ್ಲಿಗೆ ಸರಿಹೋಯಿತು. ಬೆಳಗ್ಗೆಯೇ ಮುದ್ದೆ ಉಂಡು ಹೊಲಕ್ಕೆ ಹೋಗುವುದು ಇಲ್ಲಿನ ಹಳ್ಳಿಗಳಲ್ಲಿ ವಿಶೇಷವೇನಲ್ಲ. ಪೇಟೆಯ ಪಥ್ಯ ಆ ಊಟದಿಂದ ರಾಗಿಯನ್ನು ಮಾತ್ರ ಕಿತ್ತು ಲೋಟಕ್ಕೆ ಹಾಕಿ, ಅಕ್ಕಡಿಯನ್ನು ಹೊರಗೆ ಬಿಟ್ಟಿತು.

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಕಾರ್ಮಿಕರ ಲೈನ್ ಮನೆಗಳ ಅಡುಗೆಯಲ್ಲಿ ಇದೇ ವಿವೇಕ ಇನ್ನೊಂದು ದಾರಿಯಿಂದ ಬಂದಿದೆ. ಕೆಜಿಎಫ್‌ನ ಕಾರ್ಮಿಕರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದವರು, ಜೊತೆಗೆ ತೆಲುಗರು. ಆ ಮನೆಗಳಲ್ಲಿ ಆಡಿ ತಿಂಗಳಲ್ಲಿ ಮಾರಿಯಮ್ಮನಿಗೆ ಕೂಳು ಹುಯ್ಯುತ್ತಾರೆ. ಹಬ್ಬವಿಲ್ಲದ ದಿನವೂ ಕೂಳು ಬೆಳಗಿನ ಊಟವೇ. ರಾಗಿ ಹಿಟ್ಟನ್ನು ಹಿಂದಿನ ದಿನವೇ ನೀರಿನಲ್ಲಿ ಕದಡಿ ಹುಳಿಗೆ ಬಿಡುತ್ತಾರೆ. ನುಚ್ಚಕ್ಕಿ ಬೇಯುವಾಗ ಆ ಹಿಟ್ಟನ್ನು ಸುರಿದು, ಗಂಟಾಗದ ಹಾಗೆ ಕೈಬಿಡದೆ ತಿರುವಿ, ಗಟ್ಟಿಯಾಗಿ ಇಳಿಸುತ್ತಾರೆ. ರಾತ್ರಿ ಕಳೆದರೆ ಅದಕ್ಕೆ ಒಂದು ಸಣ್ಣ ಹುಳಿವಾಸನೆ ಬಂದಿರುತ್ತದೆ. ಬೆಳಗ್ಗೆ ಒಂದು ಉಂಡೆ ತೆಗೆದು ನೀರಿನಲ್ಲಿ ಕೈಯಿಂದ ಕರಗಿಸಿ, ಉಪ್ಪು ಹಾಕಿ, ಹಸಿ ಈರುಳ್ಳಿ ಕಚ್ಚಿಕೊಂಡು ಕುಡಿಯುವುದು. ಪಕ್ಕದಲ್ಲಿ ನುಗ್ಗೆಸೊಪ್ಪಿನ ಪಲ್ಯ, ಇಲ್ಲವೇ ಸುಟ್ಟ ಕರುವಾಡು. ಈ ಒಣಮೀನನ್ನು ಬಡವರ ವಾಸನೆ ಎಂದು ಮೂಗು ಮುರಿದವರು ಬಹಳ. ಆದರೆ ಹಾಲು ಮೊಟ್ಟೆ ಬಿಟ್ಟವರಿಗೆ ಗಿಡಮೂಲದ ಯಾವ ಆಹಾರದಿಂದಲೂ ದಕ್ಕದ ಬಿ12 ಜೀವಸತ್ವ ಅದರಲ್ಲಿದೆ, ಮುಳ್ಳಿನ ಸಮೇತ ಅಗಿದರೆ ಕ್ಯಾಲ್ಸಿಯಂ ಕೂಡ. ಬಿಪಿ ಇದ್ದವರಿಗೆ ಉಪ್ಪು ಹೆಚ್ಚಾಗುತ್ತದೆ, ಅವರು ನೆನೆಸಿ ತೊಳೆದು ಮಿತವಾಗಿ ತಿನ್ನಬೇಕು. ಹಾಲು ಮೊಟ್ಟೆ ಬೇಡ ಎಂದರೆ ಮಾಂಸ ಮೀನನ್ನೂ ಬಿಡಬೇಕು ಎಂದು ಯಾರು ಹೇಳಿದರು? ಕಾಲು ಸೂಪು ಕುಡಿಸಿ ಜ್ವರದವರನ್ನು ಎಬ್ಬಿಸಿದ ಮನೆಗಳು ಪಥ್ಯ ಎಂದ ಕೂಡಲೇ ಸಸ್ಯಾಹಾರಕ್ಕೆ ಹೊರಳುವುದು ನನಗೆ ಸರಿಕಾಣುವುದಿಲ್ಲ. ಸಸ್ಯಾಹಾರಿಗಳಾದವರು ಬಿ12 ಮಾತ್ರೆಯನ್ನು ವೈದ್ಯರಿಂದ ಕೇಳಿ ತೆಗೆದುಕೊಳ್ಳಬೇಕು. ಅದಕ್ಕೆ ಸೊಪ್ಪಿನಲ್ಲಾಗಲಿ ಅಂಬಲಿಯಲ್ಲಾಗಲಿ ನಂಬಬಹುದಾದ ಬದಲಿ ಇಲ್ಲ.

ಹೊರದೇಶಗಳಿಂದ ಬಂದ ‘ಆಟೊಇಮ್ಯೂನ್ ಪ್ರೋಟೊಕಾಲ್’ ಎಂಬ ಪಥ್ಯವನ್ನೂ ಈಗ ಕೆಲವರು ಹಿಡಿಯುತ್ತಿದ್ದಾರೆ. ಅದು ಹಾಲು ಮೊಟ್ಟೆಯ ಜೊತೆಗೆ ಎಲ್ಲ ಧಾನ್ಯ, ಎಲ್ಲ ಬೇಳೆಕಾಳು, ಬೀಜ, ಟೊಮೆಟೊ, ಮೆಣಸಿನಕಾಯಿ, ಬದನೆ, ಆಲೂಗಡ್ಡೆ ಬಿಡಿಸುತ್ತದೆ. ಟೊಮೆಟೊ ಮಾರುಕಟ್ಟೆಗೆ ದೇಶದಲ್ಲೇ ಹೆಸರಾದ ಜಿಲ್ಲೆಯಲ್ಲಿ ಕೂತು ಇದನ್ನು ಮಾಡಿದರೆ ಉಳಿಯುವುದು ಗೆಣಸು, ಬಾಳೆಹಣ್ಣು, ತೆಂಗು, ಸೊಪ್ಪು, ಮಾಂಸ. ಇದರ ಪರವಾಗಿ ತೋರಿಸುವ ಮುಖ್ಯ ಅಧ್ಯಯನ 2017ರದು. ಕರುಳಿನ ಉರಿಯೂತವಿದ್ದ 15 ಮಂದಿಯಲ್ಲಿ 11 ಮಂದಿಗೆ ಆರನೇ ವಾರಕ್ಕೆ ರೋಗ ಹತೋಟಿಗೆ ಬಂತು. ಸಂತೋಷದ ವಿಷಯವೇ, ಆದರೆ ಹೋಲಿಸಲು ಎರಡನೇ ಗುಂಪು ಇರಲಿಲ್ಲ. ಈ ಪಥ್ಯವನ್ನು ರೂಪಿಸಿದವರೇ ಹೇಳುವ ಎರಡನೇ ಘಟ್ಟವನ್ನು ಇಲ್ಲಿ ಯಾರೂ ಪಾಲಿಸುವುದಿಲ್ಲ ಎಂಬುದೇ ನನಗೆ ದೊಡ್ಡ ಲೋಪ. ಕೆಲವು ವಾರಗಳ ಮೇಲೆ ಒಂದೊಂದೇ ಪದಾರ್ಥವನ್ನು ವಾಪಸ್ ತಂದು, ಯಾವುದು ಒಗ್ಗುತ್ತದೆ ಎಂದು ನೋಡಬೇಕು. ಇಲ್ಲಿ ಬಿಟ್ಟದ್ದು ವರ್ಷಗಟ್ಟಲೆ ಬಿಟ್ಟೇ ಇರುತ್ತದೆ. ಹಾಲು ಅರಗದ ಎಷ್ಟೋ ಜನಕ್ಕೆ ಹುಳಿ ಮೊಸರು ಅರಗುತ್ತದೆ ಎಂಬುದನ್ನು ಪರೀಕ್ಷಿಸಿಯೂ ನೋಡುವುದಿಲ್ಲ.

ಇನ್ನು ಹೊತ್ತಿನ ಪ್ರಶ್ನೆ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಕೆಜಿಎಫ್‌ನ ದುಡಿಯುವ ಜನ ರೈಲು ಹತ್ತಿದರು. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ಗಾಡಿಗಳಲ್ಲಿ ನಸುಕಿನಲ್ಲೇ ಜನ ಕಿಕ್ಕಿರಿದಿರುತ್ತಾರೆ. ಇವರಲ್ಲಿ ಒಬ್ಬ ಹೆಂಗಸಿಗೆ ಸಂಧಿವಾತ ಎಂದುಕೊಳ್ಳಿ. ಧಾನ್ಯ ನೆನೆಸುವವರು, ಹುಳಿಗಿಡುವವರು, ಬೆಳಗ್ಗೆ ಮನೆಮಂದಿಗೆಲ್ಲ ಬೇರೆ ತಿಂಡಿ ಮಾಡಿ ತನಗೆ ಪಥ್ಯದ್ದು ಬೇರೆ ಮಾಡಿಕೊಳ್ಳುವವರು ಎಲ್ಲ ಅವಳೇ. ಪಥ್ಯದ ಪುಸ್ತಕಗಳು ಈ ಹೆಚ್ಚುವರಿ ಗಂಟೆಯನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅದಕ್ಕೇ ಡಬ್ಬಿಗೆ ಹೋಗುವ ಊಟಗಳೇ ನನಗೆ ಮೇಲೆನಿಸುತ್ತವೆ: ನುಗ್ಗೆಸೊಪ್ಪು ಹಾಕಿ ತಟ್ಟಿದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಹಿಂದಿನ ರಾತ್ರಿ ಬೇಯಿಸಿಟ್ಟ ಅಲಸಂದೆ ಉಸಲಿ. ಮನೆಮಂದಿಯೆಲ್ಲ ಅದನ್ನೇ ತಿನ್ನಬಹುದು. ಅಂಬಲಿಯೇ ಬೇಕೆಂದರೆ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟು ಮೇಲು. ಮೊಳಕೆಯಲ್ಲಿ ಕ್ಯಾಲ್ಸಿಯಂ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ತಗ್ಗುತ್ತದೆ, ಗಂಜಿ ಮಂದವಾಗುವುದೂ ಕಡಿಮೆ. ಹಾಗಾಗಿ ಅದೇ ಲೋಟಕ್ಕೆ ಹೆಚ್ಚು ಹಿಟ್ಟು ಹಿಡಿಯುತ್ತದೆ.

ಒಂದು ಕಾಯಿಲೆಯ ವಿಷಯದಲ್ಲಿ ಮಾತ್ರ ನನಗೆ ಯಾವ ರಾಜಿಯೂ ಇಲ್ಲ. ಗಣಿಯ ಕಲ್ಲುಧೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ಕೆಜಿಎಫ್‌ನಲ್ಲಿ 1940ರ ದಶಕದಲ್ಲೇ ದಾಖಲಾಗಿತ್ತು. ಅದು ಇದ್ದವರಿಗೆ ಕ್ಷಯ ಸುಲಭವಾಗಿ ಅಂಟುತ್ತದೆ. ಅಂಥವರಿಗೂ ಕಫ, ನಂಜು ಎಂದು ಹಾಲು ಮೊಟ್ಟೆ ತಪ್ಪಿಸುತ್ತಾರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಗಳ ಮನೆಗಳಿಗೆ ತಿಂಗಳು ತಿಂಗಳು ಆಹಾರದ ಚೀಲ ಕೊಟ್ಟರು. ರೋಗಿಯ ಚೀಲದಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಜೊತೆ ಹಾಲಿನ ಪುಡಿಯೂ ಇತ್ತು. ಹೆಚ್ಚುವರಿ ಆಹಾರ ಪಡೆದ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ತಗ್ಗಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಕಡಿಮೆ ಕಂಡಿತು. ಗುಣಪಡಿಸುವ ಆಹಾರ ಎಂಬ ಮಾತಿಗೆ ನಾನು ನೋಡಿದ ಅತ್ಯಂತ ಗಟ್ಟಿ ಸಾಕ್ಷಿ ಇದು, ಮತ್ತು ಇದರಲ್ಲಿ ಬಿಡಿಸಿದ್ದು ಏನೂ ಇಲ್ಲ, ಕೊಟ್ಟದ್ದೇ ಎಲ್ಲ. ಕ್ಷಯದ ಮಾತ್ರೆ ನುಂಗುತ್ತಿರುವವರಿಗೆ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಆ ಹಣದಲ್ಲಿ ಮೊಟ್ಟೆ ತಂದು ಬೇಯಿಸಿ ಕೊಡಲಿ. ಮೊಟ್ಟೆ ಒಗ್ಗದವರಿಗೆ ಹುರುಳಿಕಾಳು, ಕಡಲೆಕಾಯಿ, ಕರುವಾಡು ತರಲಿ. ಕಾಮಾಲೆಯವರಿಗೂ ಉಪ್ಪು, ಎಣ್ಣೆ ತಪ್ಪಿಸಿ ಸೊರಗಿಸುವ ಅಗತ್ಯವಿಲ್ಲ, ಹಸಿವಾದಷ್ಟು ಮಾಮೂಲು ಊಟ ಹಾಕಬಹುದು ಎಂದು ಇಂದಿನ ವೈದ್ಯರು ಹೇಳುತ್ತಾರೆ.