ಹೋಶೇಯನ ಹೆಂಡತಿ ಕ್ಯಾಲಿಫೋರ್ನಿಯಾಕ್ಕೆ ಬಂದಾಗ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹೋಶೇಯನೆಂಬ ಪ್ರವಾದಿಯ ಪುಸ್ತಕವಿದೆ. ಹದಿನಾಲ್ಕು ಅಧ್ಯಾಯಗಳ ಆ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಇರುವುದು ಐದೇ ವಚನ. ಅಷ್ಟರಲ್ಲಿ ಒಬ್ಬ ಗಂಡ, ಬಿಟ್ಟುಹೋದ ಹೆಂಡತಿಯನ್ನು ಹದಿನೈದು ಬೆಳ್ಳಿ ಮತ್ತು ಒಂದೂವರೆ ಹೋಮೆರ್ ಜವೆಗೋದಿ ಕೊಟ್ಟು ಮರಳಿ ಕೊಂಡುಕೊಳ್ಳುತ್ತಾನೆ. ಬೆಳ್ಳಿ ಸಾಲದೆ ಧಾನ್ಯ ಸೇರಿಸಿದನೋ ಏನೋ, ಪ್ರವಾದಿ ಹೇಳುವುದಿಲ್ಲ. ಅವಳು ಏನೆಂದಳು, ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಮಾತಾಡಿದರೇ, ಮರುದಿನ ಬೆಳಿಗ್ಗೆ ಒಲೆ ಹೊತ್ತಿಸಿದವರು ಯಾರು, ಒಂದೂ ಇಲ್ಲ. ಇಸ್ರಾಯೇಲು ತನ್ನ ದೇವರನ್ನು ಬಿಟ್ಟು ಅನ್ಯದೇವತೆಗಳ ಹಿಂದೆ ಹೋದದ್ದನ್ನು ಹೇಳುವುದಕ್ಕೆ ಅವನಿಗೆ ಈ ಮುರಿದ ಸಂಸಾರ ಬೇಕಿತ್ತು, ಹೆಂಗಸಿನ ಮನಸ್ಸು ಬೇಕಿರಲಿಲ್ಲ.

ಆ ಮನಸ್ಸನ್ನು ಬರೆಯಲು ಕೂತವರು ಕ್ಯಾಲಿಫೋರ್ನಿಯಾದ ಫ್ರಾನ್ಸೀನ್ ರಿವರ್ಸ್. 1991ರಲ್ಲಿ ಬಂದ ಅವರ ‘ರಿಡೀಮಿಂಗ್ ಲವ್’ ಕಾದಂಬರಿಯ ಪ್ರತಿಗಳು ಮೂವತ್ತು ಲಕ್ಷ ದಾಟಿ ಮಾರಾಟವಾಗಿವೆ. ಇಂಗ್ಲಿಷಿನಲ್ಲಿ ‘ಕ್ರಿಶ್ಚಿಯನ್ ರೊಮಾನ್ಸ್’ ಎಂಬ ದೊಡ್ಡದೊಂದು ಕಪಾಟೇ ಇದೆ. ಗಂಡನನ್ನು ಕಳೆದುಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಕಾದಂಬರಿಗಳ ಸಾಲನ್ನೇ ಹರಿಸಿದ ಗ್ರೇಸ್ ಲಿವಿಂಗ್ಸ್ಟನ್ ಹಿಲ್ ಅದರ ಹಿರಿಯಜ್ಜಿ. 1979ರಲ್ಲಿ ‘ಲವ್ ಕಮ್ಸ್ ಸಾಫ್ಟ್ಲಿ’ ಬರೆದ ಕೆನಡಾದ ಜಾನೆಟ್ ಓಕ್ ಅದಕ್ಕೆ ಹೊಸ ಮಾರುಕಟ್ಟೆ ತೆರೆದವರು. ಆ ಕಪಾಟಿನ ಬಹುಪಾಲು ಪುಸ್ತಕಗಳು ಸಾಧು ಸ್ವಭಾವದವು. ಓದಿ ಮುಗಿಸಿದ ಮೇಲೆ ಯಾವುದು ಯಾವುದೆಂದು ನೆನಪುಳಿಯುವುದು ಕಷ್ಟ. ರಿವರ್ಸ್ ಅವರ ಪುಸ್ತಕ ಹಾಗಲ್ಲ. ಅದು ಓದುಗರನ್ನು ಗಾಯಗೊಳಿಸಿಯೇ ಮುಂದಕ್ಕೆ ಹೋಗುತ್ತದೆ.

1947ರಲ್ಲಿ ಹುಟ್ಟಿದ ರಿವರ್ಸ್ ನೆವಾಡಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಪತ್ರಿಕೋದ್ಯಮ ಓದಿದರು. ಪ್ರಣಯ ಕಾದಂಬರಿಯ ರುಚಿ ಹತ್ತಿಸಿದ್ದು ಅವರ ಅತ್ತೆ. ಅತ್ತೆ ಕೊಟ್ಟ ಪುಸ್ತಕಗಳನ್ನು ಓದಿದ ಸೊಸೆ, ಇಂಥದ್ದನ್ನು ನಾನೂ ಬರೆಯಬಲ್ಲೆ ಎಂದು ಕೂತಳು, ಮೊದಲ ಹಸ್ತಪ್ರತಿಯೇ ಮಾರಾಟವಾಯಿತು. (ಸಾಹಿತ್ಯಚರಿತ್ರೆಯಲ್ಲಿ ಅತ್ತೆಯರಿಗೆ ಸಲ್ಲಬೇಕಾದ ಕೃತಜ್ಞತೆ ಇನ್ನೂ ಸಂದಿಲ್ಲ.) ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ನಡುವಿನವರೆಗೆ ಅವರು ಐತಿಹಾಸಿಕ ಹಿನ್ನೆಲೆಯ, ಬಿಸಿಬಿಸಿ ಶೃಂಗಾರದ ಪೇಪರ್‌ಬ್ಯಾಕ್‌ಗಳನ್ನು ಬರೆದರು. ಓದುಗರಿದ್ದರು, ಪ್ರಶಸ್ತಿಗಳೂ ಬಂದವು.

ಆಮೇಲೆ ಕುಟುಂಬ ಊರು ಬದಲಿಸಿತು. ಹೊಸ ಮನೆಗೆ ಸಾಮಾನು ಇಳಿಸುತ್ತಿದ್ದಾಗ ನೆರೆಮನೆಯ ಪುಟ್ಟ ಹುಡುಗನೊಬ್ಬ ಬಂದು ನಿಮಗೊಂದು ಒಳ್ಳೆಯ ಚರ್ಚಿದೆ ಎಂದು ಕರೆದದ್ದನ್ನು ಅವರು ತಮ್ಮ ಸಾಕ್ಷಿಯಲ್ಲಿ ಹೇಳಿಕೊಂಡಿದ್ದಾರೆ. 1986ರಲ್ಲಿ ಅವರು, ಕ್ರೈಸ್ತರು ಹೇಳುವಂತೆ, ಹೊಸದಾಗಿ ಹುಟ್ಟಿದರು. ಅದರ ಬೆನ್ನಿಗೇ ಬರವಣಿಗೆ ನಿಂತುಹೋಯಿತು.

ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಈ ಮೌನದ್ದು. ನಂಬಿಕೆ ಬಂದ ಕೂಡಲೇ ಲೇಖನಿಗೆ ರೆಕ್ಕೆ ಮೂಡಿತು ಎಂದು ಬರೆದುಬಿಡುವುದು ಸುಲಭವಿತ್ತು. ಆದದ್ದು ಅದರ ತದ್ವಿರುದ್ಧ. ಸುಮಾರು ಮೂರು ವರ್ಷ ಅವರು ಹೆಣಗಿದರು, ಒಂದು ಪುಟವೂ ನಿಲ್ಲಲಿಲ್ಲ. ಬರವಣಿಗೆಯೇ ತನಗೆ ದೇವರಾಗಿತ್ತು, ಬದುಕಿನಿಂದ ತಪ್ಪಿಸಿಕೊಳ್ಳುವ ಜಾಗವಾಗಿತ್ತು ಎಂಬುದು ಅವರಿಗೆ ಹೊಳೆದದ್ದು ಆಗಲೇ. ಮನೆಯಲ್ಲೇ ಬೈಬಲ್ ಅಧ್ಯಯನದ ಕೂಟ ಶುರುವಾಯಿತು, ನೆರೆಹೊರೆಯವರು ಸೇರಿದರು. ಒಂದೊಂದೇ ಪುಸ್ತಕ ಓದುತ್ತ ಹೋಶೇಯನವರೆಗೆ ಬಂದಾಗ ಕಾದಂಬರಿ ಮತ್ತೆ ಬಾಗಿಲು ತಟ್ಟಿತು.

1850ರ ಕ್ಯಾಲಿಫೋರ್ನಿಯಾ. ಚಿನ್ನದ ಹುಚ್ಚಿಗೆ ಬಿದ್ದ ಗಂಡಸರು ಗುಡ್ಡ ಅಗೆಯುತ್ತಿರುವ ಕಾಲ. ‘ಪೇರ್-ಅ-ಡೈಸ್’ ಎಂಬ ಕೆಸರಿನ ಊರಿನ ವೇಶ್ಯಾಗೃಹದಲ್ಲಿ ಏಂಜೆಲ್ ಇದ್ದಾಳೆ. ತಾಯಿ ಸತ್ತ ಮೇಲೆ ಎಳೆಯ ವಯಸ್ಸಿನಲ್ಲೇ ಮಾರಾಟವಾದವಳು. ಊರಿಗೆ ತರಕಾರಿ ಮಾರಲು ಬರುವ ರೈತ ಮೈಕೆಲ್ ಹೋಶೇಯ ಅವಳನ್ನು ನೋಡುತ್ತಾನೆ, ಇವಳನ್ನೇ ಮದುವೆಯಾಗು ಎಂಬ ದನಿ ಅವನೊಳಗೆ ಕೇಳುತ್ತದೆ. ಚಿನ್ನ ತೆತ್ತು ಅವಳ ಕೋಣೆಗೆ ಹೋಗುತ್ತಾನೆ. ಹೋಗಿ ಬರೀ ಮಾತಾಡುತ್ತಾನೆ! ಅವಳಿಗೆ ಇದಕ್ಕಿಂತ ಅಸಹ್ಯವಾದದ್ದು ಇನ್ನೊಂದಿಲ್ಲ. ಮೈ ಕೇಳುವವರನ್ನು ನಿಭಾಯಿಸುವುದು ಗೊತ್ತು, ಏನೂ ಕೇಳದವನನ್ನು ಎಲ್ಲಿಡಬೇಕೆಂದು ಗೊತ್ತಿಲ್ಲ. ಅವಳ ಈ ಸಿಡುಕನ್ನು ರಿವರ್ಸ್ ಎಷ್ಟು ನಿಖರವಾಗಿ ಹಿಡಿದಿದ್ದಾರೆಂದರೆ, ಮೈಕೆಲನ ಒಳ್ಳೆಯತನ ನಮಗೂ ಸ್ವಲ್ಪ ಕಿರಿಕಿರಿಯಾಗತೊಡಗುತ್ತದೆ. ಆಗಲೇಬೇಕು. ಹಾಗಾಗದಿದ್ದರೆ ಕಾದಂಬರಿ ಕೆಟ್ಟಂತೆ.

ಮದುವೆ ಆಗುವ ರೀತಿಯನ್ನು ಮಾತ್ರ ನಾನು ಒಪ್ಪಲಾರೆ. ಪೆಟ್ಟು ತಿಂದು ಅರೆಪ್ರಜ್ಞೆಯಲ್ಲಿರುವ ಹೆಣ್ಣಿನ ಬಾಯಿಂದ ಹೊರಟ ಒಂದು ಮಾತನ್ನು ಒಪ್ಪಿಗೆಯೆಂದು ತೆಗೆದುಕೊಂಡು ಮೈಕೆಲ್ ಅವಳನ್ನು ಮನೆಗೆ ಕರೆದೊಯ್ಯುತ್ತಾನೆ. ದೇವರ ಅಪ್ಪಣೆಯಿದೆ ಎಂದ ಮಾತ್ರಕ್ಕೆ ಒಪ್ಪಿಗೆಯ ಪ್ರಶ್ನೆ ಮಾಯವಾಗುವುದಿಲ್ಲ. ಈ ಕೊರತೆ ಲೇಖಕಿಗೂ ಒಳಗೊಳಗೇ ಗೊತ್ತಿತ್ತೇನೋ ಎಂಬ ಅನುಮಾನ ನನಗೆ, ಏಕೆಂದರೆ ಉಳಿದ ಪುಸ್ತಕವೆಲ್ಲ ಆ ಒಪ್ಪಿಗೆಯನ್ನು ನಿಜಮಾಡುವ ಪಾಡು. ಅವಳು ಓಡುತ್ತಾಳೆ, ಅವನು ಹುಡುಕಿ ತರುತ್ತಾನೆ. ಮತ್ತೆ ಓಡುತ್ತಾಳೆ. ಕೊನೆಯ ಸಲ ಅವನು ಹುಡುಕಿಕೊಂಡು ಹೋಗುವುದಿಲ್ಲ, ಹೊಲದಲ್ಲಿ ಕಾಯುತ್ತಾನೆ. ಬರುವುದು ಬಿಡುವುದು ಈಗ ಅವಳ ಕೈಯಲ್ಲಿ.

ನಮ್ಮ ಶರಣಸತಿ-ಲಿಂಗಪತಿ ಭಾವದಲ್ಲಿ ಹಂಬಲಿಸುವವಳು ಭಕ್ತೆ, ಒಲಿಯದೆ ಸತಾಯಿಸುವವನು ಪತಿ. ಹೋಶೇಯನಲ್ಲಿ ಅದು ತಲೆಕೆಳಗು. ವಿರಹ ದೇವರದು, ಬೆನ್ನು ತಿರುಗಿಸಿ ಹೋದವಳು ಭಕ್ತೆ. ವಿಪ್ರಲಂಭದ ಭಾರವನ್ನು ಗಂಡಿನ ಹೆಗಲಿಗೇರಿಸಿದ ಈ ಕಾದಂಬರಿಯನ್ನು ಓದುವಾಗ ಕನ್ನಡದ ಓದುಗರಿಗೆ ಪರಿಚಿತ ರಾಗವೊಂದು ಅಪರಿಚಿತ ಸ್ವರದಿಂದ ಎತ್ತಿಕೊಂಡಂತೆ ಕೇಳುತ್ತದೆ.

ಪುಸ್ತಕದ ಅತ್ಯುತ್ತಮ ದೃಶ್ಯ ಒಂದು ಬೆಳಗಿನದು. ತಪ್ಪಿಸಿಕೊಂಡು ಹೋಗಲು ಹೊರಟ ಏಂಜೆಲ್‌ಳನ್ನು ಮೈಕೆಲ್ ತಡೆದು ಮನೆಗೆ ಎಳೆದೊಯ್ಯುವುದಿಲ್ಲ. ಕತ್ತಲಲ್ಲೇ ಗುಡ್ಡದ ಮೇಲಕ್ಕೆ ನಡೆಸುತ್ತಾನೆ. ಅವಳು ಚಳಿಗೆ ನಡುಗುತ್ತ, ಅವನನ್ನು ಮನಸ್ಸಿನಲ್ಲೇ ಶಪಿಸುತ್ತ ಕೂತಿರುತ್ತಾಳೆ. ಸೂರ್ಯ ಹುಟ್ಟುತ್ತಾನೆ. ನಿನಗೆ ಕೊಡಬೇಕೆಂದಿರುವ ಬದುಕು ಇಂಥದ್ದು ಎನ್ನುತ್ತಾನೆ ಅವನು. ಇಷ್ಟೇ. ಹೇಳಿದರೆ ಸವಕಲು ಅನ್ನಿಸುತ್ತದೆ. ಆದರೆ ಅಲ್ಲಿಯವರೆಗೆ ಅವಳ ಬದುಕೆಲ್ಲ ಮುಚ್ಚಿದ ಕೋಣೆಗಳಲ್ಲಿ, ಗಂಟೆಯ ಲೆಕ್ಕದಲ್ಲಿ ಕಳೆದಿದೆ. ಬೆಲೆಯಿಲ್ಲದ, ಅಂದರೆ ಯಾರೂ ಬೆಲೆ ಕಟ್ಟದ, ಒಂದನ್ನು ಅವಳು ನೋಡುತ್ತಿರುವುದು ಇದೇ ಮೊದಲು. ಅವಳು ಕರಗಿಹೋದಳು ಎಂದು ರಿವರ್ಸ್ ಬರೆಯುವುದಿಲ್ಲ. ಆ ಬೆಳಕು ಅವಳಿಗೆ ಹೆದರಿಕೆಯನ್ನೇ ಹುಟ್ಟಿಸುತ್ತದೆ.

ಹೆಸರಿನ ಹೂಟ ಇನ್ನೂ ಸೊಗಸು. ಏಂಜೆಲ್ ಎಂಬುದು ಗಿರಾಕಿಗಳಿಗಾಗಿ ಇಟ್ಟ ಹೆಸರು. ಮೈಕೆಲ್ ಅದನ್ನು ಒಪ್ಪದೆ ತಾನೇ ಹೆಸರು ಹುಡುಕುತ್ತಾನೆ: ಮೊದಲು ಮಾರಾ, ಆಮೇಲೆ ಅಮಾಂಡಾ, ಆಮೇಲೆ ತಿರ್ಜಾ. ಅವಳ ಬಗ್ಗೆ ಅವನ ತಿಳಿವಳಿಕೆ ಬದಲಾದಂತೆ ಹೆಸರೂ ಬದಲಾಗುತ್ತದೆ. ತಾಯಿ ಕರೆಯುತ್ತಿದ್ದ ನಿಜವಾದ ಹೆಸರನ್ನು ಮಾತ್ರ ಅವಳು ಬಾಯಿಬಿಡುವುದಿಲ್ಲ. ಮೈಯನ್ನು ಎಲ್ಲರಿಗೂ ಕೊಡಬೇಕಾಗಿ ಬಂದವಳು ಬಚ್ಚಿಟ್ಟುಕೊಂಡ ಒಂದೇ ಸ್ವತ್ತು ಅದು. ಕ್ರೈಸ್ತ ಪ್ರಣಯ ಕಾದಂಬರಿ ಮಲಗುವ ಕೋಣೆಯ ಬಾಗಿಲು ಮುಚ್ಚಿಯೇ ಬರೆಯಬೇಕಾದ ಪ್ರಕಾರ. ಬಾಗಿಲು ಮುಚ್ಚಿದ ಮೇಲೂ ಶೃಂಗಾರ ಉಳಿಯುವುದು ಹೇಗೆ ಎಂಬುದಕ್ಕೆ ಈ ಹೆಸರಿನ ಆಟ ಉತ್ತರ. ಕೊನೆಯಲ್ಲಿ ಅವಳು ತಾನಾಗಿ ನಡೆದು ಬಂದು ಹೆಸರು ಹೇಳಿದಾಗ, ಯಾವ ಅಪ್ಪುಗೆಯೂ ಕೊಡಲಾರದ ಪುಳಕವನ್ನು ಆ ಎರಡಕ್ಷರ ಕೊಡುತ್ತವೆ. ಯಾವ ಹೆಸರೆಂದು ನಾನಿಲ್ಲಿ ಹೇಳಿದರೆ ಓದುವವರಿಗೆ ಮೋಸ.

ರಿವರ್ಸ್ ತಮ್ಮ ಮೊದಲಿನ ಪ್ರಣಯ ಕಾದಂಬರಿಗಳನ್ನು ತಮ್ಮವೆಂದು ಹೇಳಿಕೊಳ್ಳಲು ಇಷ್ಟಪಡುವುದಿಲ್ಲ. ಅವುಗಳ ಹಕ್ಕನ್ನು ತಮ್ಮ ಬಳಿ ಇಟ್ಟುಕೊಂಡು, ಮರುಮುದ್ರಣ ಬೇಡವೆಂದಿದ್ದಾರೆ. ‘ರಿಡೀಮಿಂಗ್ ಲವ್’ ಕೂಡ ಮೊದಲು ಬ್ಯಾಂಟಮ್ ಎಂಬ ಸಾಮಾನ್ಯ ಪ್ರಕಾಶನದಿಂದ ಬಂದದ್ದು. 1997ರಲ್ಲಿ ಮಲ್ಟ್‌ನೋಮಾ ಎಂಬ ಕ್ರೈಸ್ತ ಪ್ರಕಾಶನ ಅದನ್ನು ಮತ್ತೆ ತರುವಾಗ ಲೇಖಕಿ ಒರಟು ಮಾತುಗಳನ್ನು ತೆಗೆದು ತಿದ್ದಿಕೊಟ್ಟರು. ಅವರ ನಿಲುವು ಅವರಿಗೆ ಬಿಟ್ಟದ್ದು. ಆದರೆ ಆ ತಿರಸ್ಕೃತ ಪೇಪರ್‌ಬ್ಯಾಕ್‌ಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಅಧ್ಯಾಯವನ್ನು ಎಲ್ಲಿ ಕತ್ತರಿಸಿದರೆ ಓದುಗರು ದೀಪ ಆರಿಸದೆ ಪುಟ ತಿರುಗಿಸುತ್ತಾರೆ, ಎರಡು ಜೀವಗಳನ್ನು ಒಂದೇ ಸೂರಿನಡಿ ಎಷ್ಟು ಹೊತ್ತು ದೂರ ಇಡಬಹುದು, ಕೋಪದ ಮಾತಿನಲ್ಲಿ ಆಸೆಯನ್ನು ಹೇಗೆ ಅಡಗಿಸಬೇಕು, ಇವನ್ನೆಲ್ಲ ಅವರು ಕಲಿತದ್ದು ಅಲ್ಲಿಯೇ. ಪ್ರಶ್ನೆ ಪ್ರವಾದಿಯದು, ಕೈ ಪೇಪರ್‌ಬ್ಯಾಕಿನದು. ಬರೀ ನಂಬಿಕೆಯಿಂದ ಬರೆದಿದ್ದರೆ ಇದು ಉಪದೇಶವಾಗುತ್ತಿತ್ತು. ಉಪದೇಶ ನುಸುಳಿದ ಕಡೆಗಳೂ ಇವೆ. ದೇವರ ದನಿಯನ್ನು ಬೇರೆ ಅಚ್ಚಿನಲ್ಲಿ ಹಾಕಿ ಮೈಕೆಲನಿಗೆ ದಾರಿ ತೋರಿಸುವ ಜಾಗಗಳಲ್ಲಿ ನನಗೆ ರಸಭಂಗವಾಗುತ್ತದೆ. ಅವನು ಅನುಮಾನದಲ್ಲೇ ಇನ್ನಷ್ಟು ಹೊತ್ತು ಬೇಯಬೇಕಿತ್ತು.

ಆಮೇಲಿನ ಪುಸ್ತಕಗಳಿಗೆ ರಿವರ್ಸ್ ಒಂದು ಪದ್ಧತಿ ಇಟ್ಟುಕೊಂಡರು. ಕಾದಂಬರಿ ಹುಟ್ಟುವುದು ಕತೆಯಿಂದಲ್ಲ, ತಮ್ಮನ್ನೇ ಕಾಡುವ ಒಂದು ಪ್ರಶ್ನೆಯಿಂದ. ಬೇರೆಬೇರೆ ಉತ್ತರಗಳಿಗೆ ಬೇರೆಬೇರೆ ಪಾತ್ರಗಳು, ಅವರ ಜಗಳದಲ್ಲಿ ಕತೆ, ಜತೆಗೆ ಸತ್ಯವೇದದ ಓದು. ನಂಬದ ನೆಂಟರಿಷ್ಟರ ಮುಂದೆ ನಂಬಿಕೆಯ ಮಾತಾಡುವುದು ಹೇಗೆ ಎಂಬ ಪ್ರಶ್ನೆಯಿಂದ 1993ರ ‘ಎ ವಾಯ್ಸ್ ಇನ್ ದ ವಿಂಡ್’ ಬಂತು. ಕ್ರಿ.ಶ. 70ರಲ್ಲಿ ಯೆರೂಸಲೇಮ್ ಬಿದ್ದಾಗ ಸೆರೆಸಿಕ್ಕ ಹದಸ್ಸಾ ಎಂಬ ಹುಡುಗಿ ರೋಮಿನ ಶ್ರೀಮಂತರ ಮನೆಯಲ್ಲಿ ದಾಸಿಯಾಗುತ್ತಾಳೆ. ಬಾಯಿ ಬಿಡಲು ಹೆದರುವ ಹುಡುಗಿ. ಈ ಅಂಜುಬುರುಕಿಯನ್ನು ನಾಯಕಿ ಮಾಡಿದ್ದರಲ್ಲಿ ಲೇಖಕಿಯ ಪ್ರಾಮಾಣಿಕತೆ ಇದೆ, ಅಂಜಿಕೆ ಅವರದೇ ಆಗಿತ್ತಲ್ಲ. ಆ ಮನೆಯ ಮಗ ಮಾರ್ಕಸ್‌ನನ್ನು ಅವಳು ಪ್ರೀತಿಸುತ್ತಾಳೆ, ಅವನು ಕೈಹಿಡಿಯಲು ಬಂದಾಗ ಒಲ್ಲೆ ಎನ್ನುತ್ತಾಳೆ. ಪುಸ್ತಕ ಮುಗಿಯುವಾಗ ಅವಳು ಸಿಂಹಗಳ ಮುಂದೆ ನಿಂತಿರುತ್ತಾಳೆ. ಪ್ರಣಯ ಕಾದಂಬರಿಯೊಂದನ್ನು ಹೀಗೆ ಮುಗಿಸುವ ಎದೆಗಾರಿಕೆ ಆ ಕಪಾಟಿನಲ್ಲಿ ಇನ್ನೆಷ್ಟು ಜನಕ್ಕಿದೆಯೋ.

2022ರಲ್ಲಿ ‘ರಿಡೀಮಿಂಗ್ ಲವ್’ ಸಿನಿಮಾ ಆಯಿತು. ಡಿ.ಜೆ. ಕರೂಸೊ ನಿರ್ದೇಶನ, ಚಿತ್ರಕತೆಯಲ್ಲಿ ಲೇಖಕಿಯ ಕೈಯೂ ಇದೆ. ಗುಡ್ಡಗಳು, ಹೊಲಗಳು, ಮುಖಗಳು ಚೆಂದ. ಆದರೆ ಎರಡು ಗಂಟೆ ಚಿಲ್ಲರೆಯಲ್ಲಿ ಓಡಿಹೋಗುವುದನ್ನು ತೋರಿಸಬಹುದು, ಕಾಯುವುದನ್ನು ತೋರಿಸಲು ಹೊತ್ತು ಸಾಲದು. ಪುಸ್ತಕದಲ್ಲಿ ಏಂಜೆಲ್ ಮೂರು ವರ್ಷ ದೂರವಿರುತ್ತಾಳೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ತನ್ನಂಥ ಹುಡುಗಿಯರಿಗೆ ನೆಲೆ ಕಟ್ಟುತ್ತಾಳೆ, ಒಬ್ಬಳೇ ಬಾಳಬಲ್ಲೆ ಎಂದು ಕಂಡುಕೊಳ್ಳುತ್ತಾಳೆ. ಅವಳು ಮರಳುವುದು ಅದಾದ ಮೇಲೆ. ಅವಳನ್ನು ಕರೆಯಲು ಹೋಗುವವನು ಮೈಕೆಲನ ಭಾವಮೈದುನ, ಎಲ್ಲರಿಗಿಂತ ಹೆಚ್ಚಾಗಿ ಅವಳನ್ನು ಹೀನಾಯವಾಗಿ ಕಂಡ ಪೌಲ್. ಕ್ಷಮೆ ಕೇಳಬೇಕಾದವನನ್ನೇ ದೂತನಾಗಿ ಕಳಿಸಿದ ಈ ಉಪಾಯಕ್ಕೆ ಹೋಶೇಯನ ಪುಸ್ತಕದಲ್ಲಿ ಆಧಾರವಿಲ್ಲ, ಅದು ಪೂರಾ ರಿವರ್ಸ್ ಅವರದೇ.