ನಗೆಹನಿಗೆ ಸಿಕ್ಕಿಬಿದ್ದ ಚರಿತ್ರೆ

ಸತ್ತ ಎಮ್ಮೆಗೆ ಹಾಲು ಹೆಚ್ಚು. ಮೆಲ್ಬರ್ನ್‌ನ ಫಿಟ್ಜ್‌ರಾಯ್ ಎಂಬ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯುವವರನ್ನು ಓದುವಾಗಲೆಲ್ಲ ಈ ಗಾದೆ ನೆನಪಾಗುತ್ತದೆ. 1883ರಲ್ಲಿ ಹುಟ್ಟಿದ ಕ್ಲಬ್ಬು. 1897ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಶುರುವಾದಾಗ ಇದ್ದ ಎಂಟು ತಂಡಗಳಲ್ಲಿ ಒಂದು. ಎಂಟು ಸಲ ಚಾಂಪಿಯನ್. ಕಥೆ ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಮಾತ್ರ 1996ರ ಸೆಪ್ಟೆಂಬರ್ 1ಕ್ಕೆ. ಪರ್ತ್‌ನ ಸುಬಿಯಾಕೊ ಮೈದಾನ, ಫ್ರೀಮ್ಯಾಂಟಲ್ ಎದುರು 86 ಪಾಯಿಂಟ್‌ಗಳ ಸೋಲು, ಆಮೇಲೆ ಬ್ರಿಸ್ಬೇನ್ ಬೇರ್ಸ್ ಜೊತೆ ವಿಲೀನ. ಕೊನೆ ಗೊತ್ತಿರುವುದರಿಂದ ಹಿಂದಿನದೆಲ್ಲ ಅಪಶಕುನವಾಗಿ ಕಾಣುತ್ತದೆ. ಚರಿತ್ರೆ ಎಂದು ಕೈಗೆ ಸಿಗುವುದು ನೂರಾ ಹದಿಮೂರು ವರ್ಷ ಉದ್ದದ ಶ್ರದ್ಧಾಂಜಲಿ.

ಈ ಕಣ್ಣೀರಿನ ನಡುವೆ ಎಲ್ಲರೂ ತಪ್ಪದೆ ಹೇಳುವ ಒಂದು ನಗೆಹನಿಯಿದೆ: 1916ರಲ್ಲಿ ಫಿಟ್ಜ್‌ರಾಯ್ ಲೀಗಿನಲ್ಲಿ ಕೊನೆಯ ಸ್ಥಾನ ಪಡೆಯಿತು, ಅದೇ ವರ್ಷ ಚಾಂಪಿಯನ್ನೂ ಆಯಿತು! ಇಷ್ಟು ಹೇಳಿ, ನಕ್ಕು, ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

ಅದು ಯುದ್ಧದ ವರ್ಷ. ಆಟ ಬಿಟ್ಟು ಗಂಡಸರು ಸೈನ್ಯಕ್ಕೆ ಸೇರಲಿ ಎಂಬ ಒತ್ತಡಕ್ಕೆ ಐದು ಕ್ಲಬ್ಬುಗಳು ಹಿಂದೆ ಸರಿದವು. ಉಳಿದವು ನಾಲ್ಕು: ಕಾರ್ಲ್ಟನ್, ಕಾಲಿಂಗ್‌ವುಡ್, ರಿಚ್ಮಂಡ್, ಫಿಟ್ಜ್‌ರಾಯ್. ನಾಲ್ಕೂ ಅಕ್ಕಪಕ್ಕದ, ಕೂಲಿಕಾರ್ಮಿಕರು ತುಂಬಿದ್ದ ಬಡಾವಣೆಗಳವು. ಹನ್ನೆರಡು ಪಂದ್ಯಗಳಲ್ಲಿ ಫಿಟ್ಜ್‌ರಾಯ್ ಗೆದ್ದದ್ದು ಎರಡು, ಸಮ ಒಂದು. ಇರುವುದೇ ನಾಲ್ಕು ತಂಡವಾದ್ದರಿಂದ ನಾಲ್ಕಕ್ಕೂ ಫೈನಲ್ ಸುತ್ತಿಗೆ ಪ್ರವೇಶ. ನಗೆಹನಿ ಇಲ್ಲಿಗೆ ಮುಗಿಯುತ್ತದೆ, ಆದರೆ ಆಟ ಶುರುವಾದದ್ದು ಇಲ್ಲಿಂದ. ಫಿಟ್ಜ್‌ರಾಯ್ ಮೊದಲು ಕಾಲಿಂಗ್‌ವುಡ್ಡನ್ನು ಸೋಲಿಸಿತು. ನಂತರ ಫೈನಲ್‌ನಲ್ಲಿ ಕಾರ್ಲ್ಟನ್ನನ್ನು ಸೋಲಿಸಿತು. ಬೇರೆ ನಿಯಮವಿದ್ದಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಟ್ಟಿಯಲ್ಲಿ ಮೊದಲಿದ್ದ ತಂಡ ಸೋತರೆ ಇನ್ನೊಂದು ಪಂದ್ಯ ಕೇಳುವ ಹಕ್ಕು ಆಗ ಇತ್ತು. ಕಾರ್ಲ್ಟನ್ ಕೇಳಿತು. ಅಂದರೆ ನಿಯಮ ಒಲಿದದ್ದು ಕೊನೆಯವರಿಗೆ ಮಾತ್ರವಲ್ಲ, ಮೊದಲಿನವರಿಗೆ ಅದಕ್ಕಿಂತ ಹೆಚ್ಚು. ಕೊನೆಯವರು ಮೊದಲಿನವರನ್ನು ಎರಡು ಸಲ ಮಣಿಸಬೇಕಾಯಿತು, ಮಣಿಸಿದರು.

ಸೆಪ್ಟೆಂಬರ್ 2ರ ಆ ಎರಡನೆಯ ಪಂದ್ಯದ ಸ್ಕೋರನ್ನು ನಿಧಾನವಾಗಿ ಓದಿ: ಫಿಟ್ಜ್‌ರಾಯ್ 12.13, ಕಾರ್ಲ್ಟನ್ 8.8. ಚುಕ್ಕಿಯ ಎಡಕ್ಕಿರುವುದು ಆರಾರು ಪಾಯಿಂಟಿನ ಗೋಲುಗಳು. ಬಲಕ್ಕಿರುವುದು ಸ್ವಲ್ಪದರಲ್ಲಿ ತಪ್ಪಿ ಒಂದೊಂದೇ ಪಾಯಿಂಟು ತಂದ ಬಿಹೈಂಡ್‌ಗಳು. ಒಟ್ಟು 85ಕ್ಕೆ 56. ಎಣಿಸಬೇಕಾದದ್ದು ಇನ್ನೊಂದಿದೆ: ಪಾಯಿಂಟು ತಂದ ಒದೆತಗಳು ಒಂದು ಕಡೆ ಇಪ್ಪತ್ತೈದು, ಇನ್ನೊಂದು ಕಡೆ ಹದಿನಾರು. ಗುರಿ ತಪ್ಪಿಯೂ ಗೆದ್ದ ತಂಡವಿದು. ಅದೃಷ್ಟದ ಗೆಲುವಿಗೆ ಇಂಥ ಲೆಕ್ಕ ಇರುವುದಿಲ್ಲ. ನಿಜ, ನಾಲ್ಕೇ ತಂಡಗಳ ಲೀಗಿನಲ್ಲಿ ಪಟ್ಟ ಸ್ವಲ್ಪ ಅಗ್ಗವೇ. ಹಾಗೆಂದರೆ ಕೊನೆಯ ಸ್ಥಾನವೂ ಅಷ್ಟೇ ಅಗ್ಗ ಎಂಬುದನ್ನು ನಗುವವರು ಮರೆಯುತ್ತಾರೆ.

ಇನ್ನು ವಿಮರ್ಶಕರ ಜಗಳ. ವಿಲೀನದಿಂದ ಹುಟ್ಟಿದ ಬ್ರಿಸ್ಬೇನ್ ಲಯನ್ಸ್ 2001, 2002, 2003ರಲ್ಲಿ ಗೆದ್ದ ಪಟ್ಟಗಳನ್ನು ಫಿಟ್ಜ್‌ರಾಯ್ ಖಾತೆಗೂ ಜಮಾ ಮಾಡಬೇಕೆನ್ನುವವರು ಒಂದು ಕಡೆ. ಅದು ದತ್ತು ಹೋದ ಮಗನ ಸಂಬಳವನ್ನು ಹೆತ್ತ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದ ಹಾಗೆ. ಎಲ್ಲವೂ 1996ಕ್ಕೇ ಮುಗಿಯಿತು ಎನ್ನುವವರು ಇನ್ನೊಂದು ಕಡೆ. ಇವರ ಮೇಲೆ ನನಗೆ ಹೆಚ್ಚು ಸಿಟ್ಟು, ಏಕೆಂದರೆ ಇವರಿಗೆ ಊರೇ ಕಾಣುವುದಿಲ್ಲ. 1966ರ ನಂತರ ಕ್ಲಬ್ಬು ಬಿಟ್ಟುಹೋಗಿದ್ದ ಬ್ರನ್ಸ್‌ವಿಕ್ ಸ್ಟ್ರೀಟ್ ಮೈದಾನದಲ್ಲಿ 2009ರಿಂದ ಫಿಟ್ಜ್‌ರಾಯ್ ಹೆಸರಿನ ತಂಡ ಹವ್ಯಾಸಿ ಲೀಗಿನಲ್ಲಿ ಮತ್ತೆ ಆಡುತ್ತಿದೆ. ಟಿವಿಯಲ್ಲಿ ಬರದ ಆಟ ಲೆಕ್ಕಕ್ಕಿಲ್ಲ ಎಂದರೆ 1916ರ ಆಟವೂ ಲೆಕ್ಕಕ್ಕಿಲ್ಲ.

ಫಿಟ್ಜ್‌ರಾಯ್‌ಗೆ ಮರುಕದ ಚರಿತ್ರೆ ಸಾಕಷ್ಟಾಯಿತು. ಮುಂದಿನದನ್ನು ಬರೆಯುವವರು ಸುಬಿಯಾಕೊದ 86ಕ್ಕೆ ಕೊಟ್ಟಷ್ಟೇ ಪುಟಗಳನ್ನು ಈ 85ಕ್ಕೂ ಕೊಡಲಿ.