ಭಾರ ಹೊರದ ಕಂಬಗಳು

ಮನೆಯ ಹೊರಗೋಡೆಗೆ ಮೆತ್ತುವ ಪಟ್ಟಿ, ಕಾರ್ನೀಸು, ಹೂಬಳ್ಳಿ, ಕಂಬಗಳ ಮೇಲೆ ವಿಮರ್ಶೆ ಬರೆಯುತ್ತೇವೆ ಎಂದರೆ ನಗುವವರಿದ್ದಾರೆ. ನಗಲಿ. ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ಗ್ರಂಥ 'ಕವಿರಾಜಮಾರ್ಗ'ವೇ ಅಲಂಕಾರ ಶಾಸ್ತ್ರದ್ದು. ಮಾತಿಗೆ ಒಡವೆ ತೊಡಿಸುವುದು ಹೇಗೆಂದು ಸಾವಿರ ವರ್ಷ ಚರ್ಚಿಸಿದ ನಾಡಿನಲ್ಲಿ ಗೋಡೆಯ ಒಡವೆಯನ್ನು ಬಾಂಡ್ಲಿ ಹೊತ್ತವರ, ಕರಣೆ ಹಿಡಿದವರ ಕಡೆಯಿಂದ ನೋಡಿ ಬರೆದವರು ಎಷ್ಟು ಜನ? ಮನೆಯ ಮುಖವೂ ಒಂದು ಕೃತಿಯೇ. ಬೀದಿಯಲ್ಲಿ ನಿಂತು ಯಾರು ಬೇಕಾದರೂ ಓದಬಹುದು. ಅಕ್ಷರ ಬಾರದವರು ಇನ್ನೂ ಚೆನ್ನಾಗಿ ಓದುತ್ತಾರೆ.

ಓದುವುದಕ್ಕೆ ಬಳ್ಳಾರಿ ರಸ್ತೆಗಿಂತ ಒಳ್ಳೆಯ ಜಾಗ ಬೇಡ. 2008ರಲ್ಲಿ ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಬಂದ ಮೇಲೆ ಹೆಬ್ಬಾಳ, ಕೊಡಿಗೇಹಳ್ಳಿ, ಜಕ್ಕೂರು, ಯಲಹಂಕದ ಕಡೆ ರಾಗಿ ಬೆಳೆಯುತ್ತಿದ್ದ ನೆಲ ಸೈಟುಗಳಾಗಿ ಕತ್ತರಿಸಿಹೋಯಿತು. ಮೂವತ್ತು ನಲವತ್ತರ ಸೈಟು, ಅದರ ಮೇಲೆ ಮೂರು ಅಂತಸ್ತು. ಎರಡನೇ ಅಂತಸ್ತಿನ ಬಾಲ್ಕನಿಯಲ್ಲಿ ಎರಡು ರೋಮನ್ ಕಂಬ. ಅವುಗಳ ತಲೆಯ ಮೇಲೆ ಎಲೆಗೊಂಚಲು, ಎಲೆಗೊಂಚಲಿನ ಮೇಲೆ ಏನೂ ಇಲ್ಲ, ಆಕಾಶ. ಕಿಟಕಿಯ ಸುತ್ತ ಮೂರು ಸುತ್ತು ಪಟ್ಟಿ. ಗೇಟಿನ ಮೇಲೆ ಸಿಂಹದ ತಲೆ, ಅದರ ಪಕ್ಕದಲ್ಲೇ ದೃಷ್ಟಿಗೊಂಬೆ. ಇದಕ್ಕೆಲ್ಲ ಸೇರಿಸಿ ಜನ 'ಎಲಿವೇಷನ್' ಅನ್ನುತ್ತಾರೆ. "ಎಲಿವೇಷನ್ ಚೆನ್ನಾಗಿ ಬಂದಿದೆ ಕಣ್ರೀ" ಎಂದರೆ ಮನೆಯೊಡೆಯನಿಗೆ ಮಗ ಪಾಸಾದಷ್ಟೇ ಹಿಗ್ಗು.

ಇದು ಆಗುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು. ಹಿಂದೆ ಪಟ್ಟಿ ಎಳೆಯುವುದು ಗಾರೆ ಮೇಸ್ತ್ರಿಯ ವಿದ್ಯೆ. ತಗಡಿನಲ್ಲಿ ಬೇಕಾದ ಅಂಕುಡೊಂಕನ್ನು ಕತ್ತರಿಸಿ ಮರದ ತುಂಡಿಗೆ ಹೊಡೆದು, ಗೋಡೆಗೆ ಅಡ್ಡಲಾಗಿ ರೀಪು ಕಟ್ಟಿ, ಹಸಿ ಗಾರೆಯ ಮೇಲೆ ಆ ಅಚ್ಚನ್ನು ಒಂದೇ ಉಸಿರಿಗೆ ಎಳೆಯಬೇಕು. ಗಾರೆ ಹೆಚ್ಚು ಒಣಗಿದರೆ ಅಚ್ಚು ಕಿತ್ತುಕೊಂಡು ಬರುತ್ತದೆ, ಹಸಿಯಾಗಿದ್ದರೆ ಜೋಲುತ್ತದೆ. ಸಾರವೆಯ ಮೇಲೆ ನಿಂತವನ ಕೈ ನಡುಗಿದರೆ ಬೀದಿಗೆಲ್ಲ ಕಾಣುತ್ತದೆ. ಕೆಳಗಿನಿಂದ ಗಾರೆ ಹೊತ್ತು ಕೊಡುವವಳು ಹೆಣ್ಣಾಳು. ಆರ್.ಟಿ. ನಗರದ ಹಳೆಯ ಮನೆಗಳಲ್ಲಿ ಈ ಕೈಬರಹವನ್ನು ಇನ್ನೂ ಓದಬಹುದು. ಒಂದು ಮೂಲೆಯಲ್ಲಿ ಪಟ್ಟಿ ಕೂದಲೆಳೆಯಷ್ಟು ವಾಲಿರುತ್ತದೆ. ಅಲ್ಲಿ ಒಬ್ಬ ಮನುಷ್ಯ ನಿಂತಿದ್ದ ಎಂದು ಗೊತ್ತಾಗುವುದು ಆ ವಾಲಿದ ಜಾಗದಲ್ಲೇ.

ಈಗ ಬರುವ ಕಂಬ ಬಹುಪಾಲು ಥರ್ಮಾಕೋಲ್. ಬಿಸಿ ತಂತಿಯಲ್ಲಿ ಕೊಯ್ದು, ಜಾಲರಿ ಸುತ್ತಿ, ತೆಳ್ಳಗೆ ಸಿಮೆಂಟ್ ಬಳಿದು, ಗೋಡೆಗೆ ಅಂಟಿಸುತ್ತಾರೆ. ಬೆರಳಿನಿಂದ ತಟ್ಟಿದರೆ ಡಬಡಬ ಅನ್ನುತ್ತದೆ. ಸಂದಿಯಲ್ಲಿ ನೀರು ಹೊಕ್ಕರೆ ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದಾಗ ನಾಡೇ ಹೊತ್ತಿ ಉರಿಯಿತು. ಇಲ್ಲಿ ಕಂಬವನ್ನೇ ಕೊಯ್ದು ಒಳಗಿನ ಬೂಸಾವನ್ನು ತೋರಿಸಬಹುದು, ಯಾರಿಗೂ ಸಿಟ್ಟು ಬರುವುದಿಲ್ಲ.

ಹೊರಮೈಯ ಚಂದ ಬರೀ ತಮಾಷೆಯೂ ಅಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಬಡವರೂ ದುಡಿಯುವವರೂ ಇದ್ದ ಸರ್ಕಾರಿ ವಸತಿ. ಅದರ ಹೊರಗೋಡೆಗೆ ಹೊಸ ಹೊದಿಕೆ ಹಾಕಿ 2016ರಲ್ಲಿ ಕೆಲಸ ಮುಗಿಸಿದರು. ಚಳಿ ತಡೆಯಲಿ ಎಂಬುದರ ಜೊತೆಗೆ ಸುತ್ತಲಿನವರ ಕಣ್ಣಿಗೆ ಕಟ್ಟಡ ಚೆನ್ನಾಗಿ ಕಾಣಲಿ ಎಂಬುದೂ ಆ ಹೊದಿಕೆಯ ಉದ್ದೇಶವಾಗಿತ್ತು. 2017ರ ಜೂನ್ 14ರ ರಾತ್ರಿ ಆ ಹೊದಿಕೆಯನ್ನೇ ಹಿಡಿದು ಬೆಂಕಿ ಮೇಲೇರಿತು. ಸತ್ತವರು 72 ಜನ. ನೋಡುವವರು ಹೊರಗಿದ್ದರು, ಬೇಯುವವರು ಒಳಗಿದ್ದರು.

ಇಷ್ಟು ಹೇಳಿದ್ದರಿಂದ ನಾವೂ ಅಭಿರುಚಿಯ ಪುರೋಹಿತರ ಸಾಲಿನಲ್ಲಿ ಕೂತು ಈ ಮನೆಗಳನ್ನು ಹೀಯಾಳಿಸುತ್ತೇವೆ ಎಂದು ಯಾರೂ ತಿಳಿಯಬಾರದು. ಆ ನಗುವಿನ ಹುಟ್ಟನ್ನು ಕೆದಕಬೇಕಾಗಿದೆ. ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1910ರ ಸುಮಾರಿಗೆ ಅಲಂಕಾರವೇ ಅಪರಾಧ ಎಂಬಂತೆ ವಾದ ಹೂಡಿದ. ಅಲಂಕಾರಕ್ಕೆ ಸುರಿಯುವ ದುಡಿಮೆ ದಂಡ, ಕೂಲಿಕಾರನ ಆಯುಸ್ಸು ಹಾಳು ಎಂಬುದು ಅವನ ಮಾತಿನ ಅರ್ಧ. ಅದು ನಮಗೆ ಒಪ್ಪಿಗೆ. ಇನ್ನರ್ಧದಲ್ಲಿ ಮೈಗೆ ಹಚ್ಚೆ ಹಾಕಿಕೊಳ್ಳುವ ಬುಡಕಟ್ಟಿನವರನ್ನು ತೋರಿಸಿ, ಅಲಂಕಾರದ ಆಸೆ ಹಿಂದುಳಿದವರ ಲಕ್ಷಣ ಅಂದ. ಈ ಇನ್ನರ್ಧವೇ ನಮ್ಮ ಊರಿನ ಸುಸಂಸ್ಕೃತರ ಬಾಯಲ್ಲಿ ಉಳಿದುಕೊಂಡಿದೆ. ಹಚ್ಚೆ ಹಾಕಿಸಿಕೊಂಡ ನಮ್ಮ ಅವ್ವಂದಿರು ಹಾಗಾದರೆ ಯಾವ ಅಪರಾಧ ಮಾಡಿದ್ದರು?

ಬಳ್ಳಾರಿ ರಸ್ತೆಯ ತಲೆಯ ಹತ್ತಿರವೇ ಬೆಂಗಳೂರು ಅರಮನೆ ಇದೆ. ಮೈಸೂರಿನ ಅರಸು ಮನೆತನಕ್ಕೆಂದು 1873ರಲ್ಲಿ ಕೊಂಡದ್ದು. ಕೋಟೆಯ ಹಲ್ಲು, ದುಂಡು ಬುರುಜು, ಎಲ್ಲಾ ಇಂಗ್ಲೆಂಡಿನ ನಕಲು. ಬುರುಜಿನ ಮೇಲೆ ನಿಂತು ಯಾವ ಶತ್ರುವಿಗೆ ಬಾಣ ಬಿಡಬೇಕಿತ್ತೋ ದೇವರಿಗೇ ಗೊತ್ತು. ಅದನ್ನು ಜನ ಟಿಕೆಟ್ ಕೊಟ್ಟು ನೋಡುತ್ತಾರೆ, ಪರಂಪರೆ ಅನ್ನುತ್ತಾರೆ. ಅದೇ ಕೆಲಸವನ್ನು ಯಲಹಂಕದಲ್ಲಿ ಲಾರಿ ಓಡಿಸಿ ದುಡ್ಡು ಕೂಡಿಟ್ಟವನು ಮಾಡಿದರೆ ಅಭಿರುಚಿಗೇಡು. ನಕಲು ಎರಡೂ ಕಡೆ ಒಂದೇ. ನಗು ಮಾತ್ರ ಒಂದೇ ಕಡೆ.

ಇನ್ನೊಂದು ವಿಚಿತ್ರ ನೋಡಿ. ಯಶವಂತಪುರದ ಪಕ್ಕದ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಯವರಿಗೆ ಅಗ್ಗದ, ಗಟ್ಟಿ ಮನೆ ಸಿಗಲಿ ಎಂದು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇವೆ. ಆದರೆ ಇವತ್ತು ಆ ಇಟ್ಟಿಗೆಯ ಮನೆಯನ್ನು ಗಾರೆ ಮಾಡಿಸದೆ, ಬಣ್ಣ ಬಳಿಯದೆ ಹಾಗೇ ಬಿಡುವುದು ಉಳ್ಳವರ ಸೊಗಸಾಗಿದೆ. ಮೂರು ತಲೆಮಾರು ಗಚ್ಚಿನ ಮನೆಯಲ್ಲಿ ಬಾಳಿದವರಿಗೆ ಮಣ್ಣಿನ ಗೋಡೆ ಚಂದ. ಮೂರು ತಲೆಮಾರು ಮಣ್ಣಿನ ಗೋಡೆ ಮಳೆಗೆ ಕುಸಿಯುವುದನ್ನು ಕಂಡವರಿಗೆ ಗಚ್ಚು ಚಂದ. ಈ ಎರಡನೆಯವನು ದುಡಿದು ಕೂಡಿಟ್ಟ ದುಡ್ಡಿನಲ್ಲಿ ಕಿಟಕಿಗೆ ಒಂದು ಪಟ್ಟಿ ಹೊಡೆಸಿಕೊಂಡರೆ ಅದು ಬರೀ ಶೋಕಿಯೇ? ಯಲಹಂಕ ಉಪನಗರದಲ್ಲಿ ಗೃಹಮಂಡಳಿ ಒಂದೇ ಅಚ್ಚಿನ ಮನೆಗಳನ್ನು ಕಟ್ಟಿ ಕೊಟ್ಟಿತು. ಸೇರಿದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಮುಂಭಾಗಕ್ಕೆ ಏನಾದರೊಂದು ಸೇರಿಸಿ ಇದು ನಮ್ಮದು ಅಂದುಕೊಂಡದ್ದು.

ಯಾರು ಯಾವ ಅಲಂಕಾರ ತೊಡಬೇಕು ಎಂಬುದನ್ನು ನಮ್ಮ ದೇಶದಲ್ಲಿ ಶಾಸ್ತ್ರವೇ ಬರೆದಿಟ್ಟಿತ್ತು. ಚಂಡಾಲರು ಊರ ಹೊರಗಿರಬೇಕು, ಒಡೆದ ಮಡಕೆ ಇಟ್ಟುಕೊಳ್ಳಬೇಕು, ಒಡವೆ ಕಬ್ಬಿಣದ್ದಾಗಬೇಕು ಎಂಬುದು ಮನುಸ್ಮೃತಿಯ ಹತ್ತನೇ ಅಧ್ಯಾಯದ ಮಾತು. ಅಂಬೇಡ್ಕರರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ಇದನ್ನೂ ಸೇರಿಸಿಯೇ. ತಿರುವಾಂಕೂರಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲೂ ಕೆಳಜಾತಿಯವರು ಹಂಚಿನ ಮನೆ ಕಟ್ಟಿಕೊಳ್ಳುವಂತಿರಲಿಲ್ಲ. ಹಾಗಿದ್ದೂ ನಮ್ಮ ಕೇರಿಯ ಹೆಂಗಸರು ಸುಣ್ಣ ಬಳಿದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆದರು. ಹಬ್ಬದ ಹಿಂದಿನ ದಿನ ಬಟ್ಟೆಯ ಉಂಡೆಯನ್ನು ಅದ್ದಿ, ಗುಡಿಸಲಿನ ಗೋಡೆಗೆ ನೆಟ್ಟಗೆ ಒಂದು ಕೆಂಪು ಗೆರೆ. ಅದನ್ನು ಯಾವ ಅಲಂಕಾರ ಶಾಸ್ತ್ರ ಬರೆದುಕೊಂಡಿತು?

ನಮ್ಮ ಅಳತೆಗೋಲು ಹಾಗಾದರೆ ಏನು? ಚಂದವೋ ಅಲ್ಲವೋ ಎಂಬುದರಿಂದ ನಾವು ಶುರು ಮಾಡುವುದಿಲ್ಲ. ಅದು ಏನು ಕೆಲಸ ಮಾಡುತ್ತದೆ ಎಂದು ಕೇಳುತ್ತೇವೆ. ದೇವಸ್ಥಾನದ ಕಪೋತ ಎಂಬ ಬಾಗಿದ ಅಂಚು ಮಳೆನೀರನ್ನು ಗೋಡೆಯಿಂದ ಆಚೆ ಎಸೆಯಲು ಹುಟ್ಟಿದ್ದು. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ ಬೆರಳಗಲದ ಒಂದು ಗೆರೆ ಕೊರೆದಿದ್ದರೆ ನೀರು ಅಲ್ಲೇ ಕಡಿದು ಬೀಳುತ್ತದೆ, ಗೋಡೆಗೆ ಹರಿಯುವುದಿಲ್ಲ. ಎಷ್ಟೋ ಎಲಿವೇಷನ್‌ಗಳಲ್ಲಿ ಸಿಂಹವಿದೆ, ಈ ಗೆರೆ ಇಲ್ಲ. ಬೀದಿಗೆ ನಾಲ್ಕು ಕಂಬ, ದಾರಿಹೋಕನಿಗೆ ಒಂದು ಅಡಿ ನೆರಳಿಲ್ಲ. ಹಳೇ ಮನೆಗಳ ಜಗಲಿ ಎಲ್ಲರನ್ನೂ ಕೂರಿಸುತ್ತಿರಲಿಲ್ಲ, ಬಲ್ಲೆವು. ಈಗ ಜಗಲಿಯೇ ಇಲ್ಲ, ಆದ್ದರಿಂದ ಪ್ರಶ್ನೆಯೂ ಇಲ್ಲ.

ಆದರೆ ಗೇಟಿಗೆ ಒಂದು ಹಲಗೆ ಇರುತ್ತದೆ: ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ. ಈ ಹಲಗೆ ಇಲ್ಲದ ಕಡೆ ಬಾಯಲ್ಲೇ ಕೇಳುತ್ತಾರೆ, "ನೀವು ಯಾವ ಜನ?" ಹೊರಗೆ ರೋಮ್, ಒಳಗೆ ಅಗ್ರಹಾರ. ಆ ಕಂಬವನ್ನು ನಿಲ್ಲಿಸಿದ ರಾಯಚೂರಿನವನೋ ಯಾದಗಿರಿಯವನೋ ಅದೇ ಮನೆಯ ಮೇಲಿನ ಅಂತಸ್ತನ್ನು ಬಾಡಿಗೆಗೆ ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತಿದೆ. ಅವನು ಕಲ್ಲು, ಸಿಮೆಂಟ್ ಪಟ್ಟಿಗಳನ್ನು ನೀರು ಹಾಕದೆ ಮಿಷನ್ನಿನಲ್ಲಿ ಕೊಯ್ಯುವಾಗ ಮೂಗಿಗೆ ಇರುವುದು ಒಂದು ಟವೆಲ್ಲು. ಆ ದೂಳು ಶ್ವಾಸಕೋಶದಲ್ಲಿ ಕೂತರೆ ಬರುವ ಸಿಲಿಕೋಸಿಸ್‌ಗೆ ವಾಸಿ ಎಂಬುದಿಲ್ಲ. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಕಾಯಿದೆ ಬಂತು, ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ಆದದ್ದು 2007ರಲ್ಲಿ. ನಡುವೆ ಹೋದ ಹನ್ನೊಂದು ವರ್ಷದಲ್ಲಿ ಎಷ್ಟು ಅಂತಸ್ತು ಎದ್ದವೋ.

ವಿಧಾನಸೌಧವನ್ನು ಇಲ್ಲಿ ನೆನೆಯಲೇಬೇಕು. ಅದರ ಮುಂಭಾಗದ ಹನ್ನೆರಡು ಗ್ರಾನೈಟ್ ಕಂಬಗಳು, ಒಂದೊಂದೂ 40 ಅಡಿ, ನಿಜವಾಗಿ ಭಾರ ಹೊರುತ್ತವೆ. 1956ಕ್ಕೆ ಮುಗಿದ ಆ ಕೆಲಸದಲ್ಲಿ ಸಾವಿರಾರು ಕೂಲಿಗಳು ದುಡಿದರು, ಕೈದಿಗಳೂ ದುಡಿದರು. ಕೆಂಗಲ್ ಹನುಮಂತಯ್ಯನವರ ಹೆಸರನ್ನು ನಾವು ಶಾಲೆಯಲ್ಲಿ ಕಂಠಪಾಠ ಮಾಡಿದೆವು. ಒಬ್ಬ ಕಲ್ಲುಕುಟಿಗನ ಹೆಸರನ್ನೂ ಯಾವ ಮೇಷ್ಟ್ರೂ ನಮಗೆ ಹೇಳಿಕೊಡಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ.

ಈ ಪತ್ರಿಕೆಯನ್ನು ಓದುವವರಲ್ಲಿ ಹಳ್ಳಿ ಶಾಲೆಯ ಮೇಷ್ಟ್ರುಗಳು ಬಹಳ ಜನ ಇದ್ದೀರಿ. ಒಂದು ಶನಿವಾರ ಮಕ್ಕಳನ್ನು ಊರೊಳಗೆ, ಆಮೇಲೆ ಕೇರಿಯೊಳಗೆ ಕರೆದುಕೊಂಡು ಹೋಗಿ. ಯಾವ ಮನೆಯ ಪಟ್ಟಿಯನ್ನು ಯಾವ ಮೇಸ್ತ್ರಿ ಎಳೆದದ್ದು, ಗಾರೆ ಹೊತ್ತವಳು ಯಾರು, ಯಾವ ಗೋಡೆಯ ಕಾರಣೆ ಯಾವ ಅಜ್ಜಿಯದು ಎಂದು ಕೇಳಿ ಬರೆದುಕೊಂಡು ಬರಲಿ. ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ. ಅವರೆಲ್ಲರ ಒಪ್ಪಿಗೆ ಪಡೆದು ನಮಗೆ ಕಳಿಸಿ, ಹೆಸರುಗಳನ್ನು ಹಾಗೇ ಅಚ್ಚು ಹಾಕುತ್ತೇವೆ.